ಹಳ್ಳದ ದಂಡಿಗೆ ನಿಂತ ಹ್ಯಾಟಿ

ನಮ್ಮ ಟೀಮಿನ ವಾಟ್ಸಾಪ್ ಗ್ರೂಪಿಗೆ ತಿಂಗಳಿಗೊಂದಾದರೂ ಬಾತುಮರಿಯ ವಿಡಿಯೊ ಬರುತ್ತದೆ. ಯಾರೋ ಒಬ್ಬ ಬಿಳಿಯ ಮನುಷ್ಯ ಹುಲ್ಲಿನ ಮೇಲೆ ಓಡುತ್ತಾನೆ, ಹಿಂದೆ ಆರೇಳು ಹಳದಿ ಮರಿಗಳು ಉರುಳಾಡಿಕೊಂಡು ಓಡುತ್ತವೆ. ಹಿನ್ನೆಲೆಯಲ್ಲಿ ಪಿಯಾನೊ. ಕೆಳಗೆ ಒಂದೇ ಪದ, ಇಂಪ್ರಿಂಟಿಂಗ್. ಆಮೇಲೆ ಹೃದಯದ ಇಮೋಜಿಗಳ ಮಳೆ. ಒಮ್ಮೆ ನಮ್ಮ ಟೆಸ್ಟಿಂಗ್ ಹುಡುಗಿ ಬರೆದಳು, ‘ಇದೇ ನಿಜವಾದ ಪ್ರೀತಿ, ಕಂಡೀಷನ್ನೇ ಇಲ್ಲದ್ದು.’ ನಾನೂ ಒಂದು ಹೃದಯ ಒತ್ತಿ ಮತ್ತೆ ಕೋಡಿಗೆ ವಾಪಸ್ಸಾದೆ. ಒತ್ತಿದ ಮೇಲೆ ಮನಸ್ಸಿಗೆ ಸರಿ ಅನ್ನಿಸಲಿಲ್ಲ. ಯಾಕೆಂದರೆ ಇಂಥದ್ದೊಂದು ಪ್ರೀತಿಯನ್ನು ನಾನು ನಾಲ್ಕನೇ ಇಯತ್ತೆಯಲ್ಲಿ ಕಣ್ಣಾರೆ ನೋಡಿದವನು. ಅದರಲ್ಲಿ ಪಿಯಾನೊ ಇರಲಿಲ್ಲ.

ಈ ಬರಹ ಒಂದು ಸಿನಿಮಾದ ಬಗ್ಗೆ. ‘ಫ್ಲೈ ಅವೇ ಹೋಮ್’, 1996ರದ್ದು, ನಿರ್ದೇಶಕ ಕ್ಯಾರೊಲ್ ಬ್ಯಾಲರ್ಡ್. ಹಳೇ ಸಿನಿಮಾ ಈಗ ಯಾಕೆ ಅಂದರೆ, ಮೊನ್ನೆ ಡಿಸೆಂಬರಿನಲ್ಲಿ ಅವ್ವ ಊರಿಂದ ಬಂದಿದ್ದಳು, ಮಗಳಿಗೆ ರಜೆ, ಮೂರು ತಲೆಮಾರು ಕೂತು ನೋಡುವಂಥ ಸಿನಿಮಾ ಹುಡುಕುವುದು ನನ್ನ ಪಾಲಿಗೆ ಬಂದಿತ್ತು. ಹೊಡೆದಾಟ ಇರಬಾರದು, ಮುದ್ದು ಪ್ರಾಣಿ ಇರಬೇಕು, ಇಂಗ್ಲಿಷ್ ತಿಳಿಯದಿದ್ದರೂ ಕತೆ ತಿಳಿಯಬೇಕು. ಈ ಮೂರೂ ಪರೀಕ್ಷೆಯಲ್ಲಿ ಅದು ಪಾಸಾಯಿತು.

ಕತೆ ಸರಳ. ಏಮಿ ಎಂಬ ಹದಿಮೂರರ ಹುಡುಗಿ. ನ್ಯೂಜಿಲೆಂಡಿನಲ್ಲಿ ಕಾರು ಅಪಘಾತದಲ್ಲಿ ತಾಯಿ ತೀರಿಹೋಗುತ್ತಾಳೆ. ಬಹಳ ವರ್ಷ ದೂರವೇ ಇದ್ದ ಅಪ್ಪ ಅವಳನ್ನು ಕೆನಡಾದ ಒಂಟಾರಿಯೊಗೆ ಕರೆದುಕೊಂಡು ಹೋಗುತ್ತಾನೆ. ಬುಲ್ಡೋಜರ್ ಕೆಡವಿದ ಜೌಗಿನಲ್ಲಿ ಅವಳಿಗೆ ಹೆಬ್ಬಾತಿನ ಹದಿನಾರು ಮೊಟ್ಟೆ ಸಿಗುತ್ತವೆ. ಬಟ್ಟೆಗಳ ಮಧ್ಯೆ ಇಟ್ಟು, ಬಲ್ಬಿನ ಬಿಸಿ ಕೊಟ್ಟು ಮರಿ ಮಾಡುತ್ತಾಳೆ. ಮರಿಗಳು ಮೊದಲು ಕಂಡದ್ದು ಅವಳನ್ನು, ಹಾಗಾಗಿ ಅವಳೇ ತಾಯಿ. ಚಳಿಗಾಲಕ್ಕೆ ದಕ್ಷಿಣಕ್ಕೆ ಹೋಗಬೇಕಾದ ಹಕ್ಕಿಗಳಿಗೆ ದಾರಿ ತೋರಿಸಲು ತಾಯಿ ಹೆಬ್ಬಾತಿಲ್ಲ. ಅಪ್ಪ ಪುಟಾಣಿ ವಿಮಾನ ಕಟ್ಟುತ್ತಾನೆ, ಹುಡುಗಿ ಹಾರುವುದು ಕಲಿಯುತ್ತಾಳೆ, ಹಕ್ಕಿಗಳು ಅವಳ ಹಿಂದೆ ಹಾರುತ್ತವೆ.

ಚಂದ ಇದೆ, ಅದರಲ್ಲಿ ಎರಡು ಮಾತಿಲ್ಲ. ಕ್ಯಾಲೆಬ್ ಡೆಷನೆಲ್ ಕ್ಯಾಮೆರಾಕ್ಕೆ ಆಸ್ಕರ್ ನಾಮಿನೇಷನ್ ಸಿಕ್ಕಿದ್ದು ಸುಮ್ಮನೆ ಅಲ್ಲ. ಮಂಜಿನಿಂದ ವಿಮಾನವೂ ಹಕ್ಕಿಗಳೂ ಎದ್ದು ದೊಡ್ಡ ನಗರದ ಗಾಜಿನ ಕಟ್ಟಡಗಳ ನಡುವೆ ಬರುವ ದೃಶ್ಯವಿದೆ. ಆಫೀಸಿನೊಳಗಿನ ಟೈ ಕಟ್ಟಿದ ಮಂದಿ ಕಿಟಕಿಗೆ ಬಂದು ನಿಲ್ಲುತ್ತಾರೆ. ಹನ್ನೊಂದನೇ ಮಹಡಿಯಲ್ಲಿ ಕೂತು ಕೆಲಸ ಮಾಡುವ ನನಗೆ ಆ ಕಿಟಕಿಯ ಮಂದಿಯ ಮುಖ ಬಹಳ ಪರಿಚಿತ ಅನ್ನಿಸಿತು. ಮಗಳು ಸೋಫಾದ ಮೇಲೆ ನಿಂತು ಕೈ ಬಡಿಯುತ್ತಿದ್ದಳು.

ಅವ್ವ ಮಾತ್ರ ಸುಮ್ಮನೆ ಕೂತಿದ್ದಳು. ಕೊನೆಗೆ, ಹದಿನಾರೂ ಹಕ್ಕಿ ಮುಂದಿನ ವಸಂತಕ್ಕೆ ತಾವಾಗಿಯೇ ಮರಳಿ ಬಂದವು ಅಂತ ಬರೆದು ತೋರಿಸಿದಾಗ ನಾನು ಅದನ್ನು ಓದಿ ಹೇಳಿದೆ. ಅವ್ವ ಕೇಳಿದಳು:

‘ಬಂದ್ವು, ಛಲೋ ಆತು. ಬಂದು ಮರಿ ಮಾಡಿದ್ವೇನು? ಅದನ್ನ ತೋರ್ಸಲೇ ಇಲ್ಲಲ್ಲೋ ತಮ್ಮಾ.’

ಇಂಟರ್‌ನೆಟ್ಟಿನಲ್ಲಿ ಈ ಸಿನಿಮಾದ ಬಗ್ಗೆ ನಾನು ಓದಿದ ಯಾವ ವಿಮರ್ಶೆಯಲ್ಲೂ ಈ ಪ್ರಶ್ನೆ ಇರಲಿಲ್ಲ.

ಅವ್ವ ಯಾಕೆ ಹಾಗೆ ಕೇಳಿದಳು ಅಂತ ನನಗೆ ಗೊತ್ತು. ನಮ್ಮ ಊರು ಹುನಗುಂದ ತಾಲ್ಲೂಕಿನದು. ನಮ್ಮಲ್ಲಿ ಬಾತುಕೋಳಿ ಸಾಕುವ ರೂಢಿ ಇಲ್ಲ. ಕರಿ ಭೂಮಿ, ಜೋಳ, ಕಡ್ಲಿ, ಮಳೆ ಬಂದರೆ ಹರಿಯುವ ಹಳ್ಳ. ನಮ್ಮ ಅತ್ತಿಯನ್ನು ಗಂಗಾವತಿ ಕಡೆಯ ಭತ್ತದ ಸೀಮೆಗೆ ಕೊಟ್ಟಿತ್ತು. ಅಲ್ಲಿ ಕೊಯ್ಲಾದ ಗದ್ದೆಗೆ ಬಾತು ಮೇಯಿಸಲು ಬಂದವರಿಂದ ಐದು ತತ್ತಿ ಇಸಿದುಕೊಂಡು, ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದು, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಳು. ಆಗ ನಮ್ಮ ಆಯಿ ಇದ್ದಳು. ಅವಳ ಕೆಂದ ಹ್ಯಾಟಿಯೊಂದು ಕಾವಿಗೆ ಕೂರುವ ಹೊತ್ತು. ಆಯಿ ಮೊದಲು ಬಾತಿನ ತತ್ತಿ ಇಟ್ಟಳು. ಏಳು ದಿನ ಬಿಟ್ಟು ಕೋಳಿಯ ಮೂರು ತತ್ತಿ ಸೇರಿಸಿದಳು. ಕೋಳಿಗೆ ಇಪ್ಪತ್ತೊಂದು ದಿನ, ಬಾತಿಗೆ ಇಪ್ಪತ್ತೆಂಟು. ಎಲ್ಲಾ ಒಂದೇ ದಿನ ಒಡೆಯಬೇಕು, ಇಲ್ಲದಿದ್ದರೆ ಮೊದಲು ಹುಟ್ಟಿದವನ್ನು ಕಟ್ಟಿಕೊಂಡು ಹ್ಯಾಟಿ ಎದ್ದುಹೋಗುತ್ತೆ, ಉಳಿದವು ತಣ್ಣಗಾಗುತ್ತವೆ. ಎರಡು ಜಾಬ್ ಒಟ್ಟಿಗೆ ಮುಗಿಯಬೇಕಾದರೆ ಉದ್ದದ್ದನ್ನು ಮೊದಲು ಶುರು ಮಾಡಬೇಕು ಅನ್ನುವ ಶೆಡ್ಯೂಲಿಂಗನ್ನು ನಾನು ಕಲಿತದ್ದು ಬಿಇಯಲ್ಲಲ್ಲ.

ನಾಲ್ಕು ಬಾತುಮರಿ, ಮೂರು ಕೋಳಿಮರಿ ಆದವು. (ಈ ಕತೆ ಮಗಳಿಗೆ ಹೇಳುವಾಗ ‘ತತ್ತಿ’ ಅಂದಾಕ್ಷಣ ಅವಳು ನೆಲಕ್ಕೆ ಬಿದ್ದು ನಕ್ಕಳು. ಅಪಾರ್ಟ್‌ಮೆಂಟಿನ ಹಿಂದಿ ಮಕ್ಕಳ ಜೊತೆ ಆಡಿ ಅವಳಿಗೆ ಆ ಪದದ ಅರ್ಥವೇ ಬೇರೆ. ಅವ್ವನಿಗೆ ಯಾಕೆ ನಗುತ್ತಾಳೆ ತಿಳಿಯಲಿಲ್ಲ, ನಾನು ಹೇಳಲಿಲ್ಲ.) ಮೂರನೇ ದಿನವೋ ನಾಲ್ಕನೇ ದಿನವೋ ಹ್ಯಾಟಿ ಏಳನ್ನೂ ಕರೆದುಕೊಂಡು ಹಿತ್ತಲ ಹಿಂದಿನ ಹಳ್ಳದ ಕಡೆ ಹೋಯಿತು. ನೀರು ಕಂಡಿದ್ದೇ ತಡ, ನಾಲ್ಕೂ ಬಾತುಮರಿ ಪುಳಕ್ ಅಂತ ಇಳಿದವು. ಹ್ಯಾಟಿಗೆ ಹುಚ್ಚೇ ಹಿಡಿಯಿತು. ದಂಡಿಯ ಮೇಲೆ ಆ ಕಡೆ ಓಡುತ್ತೆ, ಈ ಕಡೆ ಓಡುತ್ತೆ, ರೆಕ್ಕೆ ಬಿಚ್ಚಿ ಕೂಗುತ್ತೆ, ಕಾಲು ನೀರಿಗೆ ಇಡುತ್ತೆ, ತೆಗೆಯುತ್ತೆ. ನಾವು ಹುಡುಗರೆಲ್ಲ ನಕ್ಕಿದ್ದೇ ನಕ್ಕಿದ್ದು. ಆಯಿ ಬಂದು ಒಂದು ಮಾತು ಹೇಳಿದಳು, ‘ನಗಬ್ಯಾಡ್ರಿ, ಅದರ ಹೊಟ್ಟಿ ಉರೀತೈತಿ.’

ಈ ವಿದ್ಯೆಗೆ ಹೆಸರಿಟ್ಟವರು ಆಸ್ಟ್ರಿಯಾದ ಕೊನ್ರಾಡ್ ಲೊರೆಂಜ್. 1873ರಷ್ಟು ಹಿಂದೆಯೇ ಇಂಗ್ಲೆಂಡಿನ ಡಗ್ಲಸ್ ಸ್ಪಾಲ್ಡಿಂಗ್ ಕೋಳಿಮರಿಗಳಲ್ಲಿ ಇದನ್ನು ಗುರುತಿಸಿ ಬರೆದಿದ್ದರು. ಆದರೆ 1935ರಲ್ಲಿ ಲೊರೆಂಜ್ ಕೊಟ್ಟ ಜರ್ಮನ್ ಹೆಸರು ನಿಂತಿತು: ಪ್ರೆಗುಂಗ್. ನಾಣ್ಯದ ಮೇಲೆ ಅಚ್ಚು ಒತ್ತುವುದಕ್ಕೆ ಬಳಸುವ ಪದ. ಬಿಸಿಯಿದ್ದಾಗ ಒಮ್ಮೆ ಒತ್ತಿದರೆ ಮುಗಿಯಿತು, ಅಳಿಸಲಾಗದು, ಅನ್ನುವುದು ಅವರ ವಾದ. ಅವರ ಹೆಬ್ಬಾತುಮರಿ ಮಾರ್ಟಿನಾ ಮೊಟ್ಟೆಯೊಡೆದು ಮೊದಲು ನೋಡಿದ್ದು ಅವರನ್ನೇ. ಸಾಕು ಹೆಬ್ಬಾತಿನ ಹೊಟ್ಟೆಯಡಿ ತಳ್ಳಿದರೂ ಅಳುತ್ತಾ ಅವರ ಹಿಂದೆಯೇ ಬಂತು. ರಾತ್ರಿಯೆಲ್ಲ ಎದ್ದೆದ್ದು ‘ಇದ್ದೀಯಾ’ ಅಂತ ಕೂಗುತ್ತಿತ್ತು, ಅವರು ಹೆಬ್ಬಾತಿನ ದನಿಯಲ್ಲಿ ‘ಇದ್ದೀನಿ’ ಅನ್ನಬೇಕಿತ್ತು. ‘ಕಿಂಗ್ ಸಾಲೊಮನ್ಸ್ ರಿಂಗ್’ ಅನ್ನುವ ಅವರ ಪುಸ್ತಕದಲ್ಲಿ ಇದೆಲ್ಲ ಇದೆ, ಓದಲು ಬಹಳ ಸೊಗಸು. 1973ರಲ್ಲಿ ನೊಬೆಲ್ ಕೂಡ ಬಂತು. ಬಿಳಿ ಗಡ್ಡದ ಅಜ್ಜನ ಹಿಂದೆ ಮರಿಗಳು ಸಾಲಾಗಿ ಹೋಗುವ ಫೋಟೊ ನೀವೂ ನೋಡಿರುತ್ತೀರಿ. ಅದೇ ಅಜ್ಜ 1938ರಲ್ಲಿ ನಾಜಿ ಪಕ್ಷ ಸೇರಿ, ಸಾಕು ಪ್ರಾಣಿಗಳು ತಳಿ ಕೆಡುವ ಹಾಗೆ ಮನುಷ್ಯರೂ ಕೆಡುತ್ತಾರೆ ಅಂತ ಬರೆದದ್ದು ಆ ಫೋಟೊದಲ್ಲಿ ಕಾಣುವುದಿಲ್ಲ. ಮರಿಗಳನ್ನು ಅಷ್ಟು ಪ್ರೀತಿಯಿಂದ ನೋಡಿದ ಕಣ್ಣೂ ಅದೇ ಅನ್ನುವುದು ನನಗೆ ಈಗಲೂ ಕಿರಿಕಿರಿ.

ಲೊರೆಂಜ್ ನಂತರ ವಿಷಯ ಇನ್ನೂ ಸ್ವಾರಸ್ಯವಾಯಿತು. ಎಕ್‌ಹಾರ್ಡ್ ಹೆಸ್ ಎಂಬಾತ 1950ರ ದಶಕದಲ್ಲಿ ಪ್ರಯೋಗ ಮಾಡಿ, ಬಾತುಮರಿಗೆ ಅಚ್ಚು ಗಟ್ಟಿಯಾಗಿ ಬೀಳುವುದು ಮೊಟ್ಟೆಯೊಡೆದ 13ರಿಂದ 16 ಗಂಟೆಗಳ ನಡುವೆ ಅಂತ ತೋರಿಸಿದ. ಗಿಲ್ಬರ್ಟ್ ಗಾಟ್ಲೀಬ್ ಅದಕ್ಕೂ ಹಿಂದಕ್ಕೆ, ಮೊಟ್ಟೆಯೊಳಗೇ ಹೋದ. ಬಾತುಮರಿ ಹುಟ್ಟಿದ ಕೂಡಲೇ ತನ್ನ ಜಾತಿಯ ತಾಯಿಯ ಕೂಗನ್ನು ಹಿಡಿಯುತ್ತದೆ. ಆದರೆ ಚಿಪ್ಪಿನೊಳಗೆ ಇದ್ದಾಗ ತನ್ನ ದನಿ, ಒಡಹುಟ್ಟಿದವರ ದನಿ ಕೇಳದ ಹಾಗೆ ಮಾಡಿದರೆ ಆ ಗುರುತು ಮಬ್ಬಾಗುತ್ತದೆ. ಬಾತಿನ ಕೂಗೂ ಕೋಳಿಯ ಕೂಗೂ ಅದಕ್ಕೆ ಒಂದೇ ಆಗಿಬಿಡುತ್ತದೆ. ಅಂದರೆ ಹುಟ್ಟುಗುಣ ಅಂತ ನಾವು ಕರೆಯುವುದರಲ್ಲೂ ಒಂದಷ್ಟು ಕೇಳಿ ಕಲಿತದ್ದು. ಅಳಿಸಲಾಗದ ನಾಣ್ಯದ ಮುದ್ರೆ ಅನ್ನುವ ಹೋಲಿಕೆಯೂ ಪೂರ್ತಿ ನಿಲ್ಲಲಿಲ್ಲ. ಬೇರೆ ಬಾತುಗಳ ಜೊತೆ ಬಿಟ್ಟರೆ ಮರಿಗಳ ಒಲವು ಎಷ್ಟೋ ಸಲ ತಿರುಗುತ್ತದೆ.

‘ಫ್ಲೈ ಅವೇ ಹೋಮ್’ ಇದರಲ್ಲಿ ಲೊರೆಂಜನನ್ನು ಮಾತ್ರ ಎತ್ತಿಕೊಳ್ಳುತ್ತದೆ, ಅದೂ ಫೋಟೊದ ಲೊರೆಂಜನನ್ನು. ಸಿನಿಮಾ ಇಷ್ಟೂ ಹೊತ್ತು ಮರಿಗಳ ಹಿಂದೆ ನಿಂತು ಹುಡುಗಿಯನ್ನು ನೋಡುತ್ತದೆ. ಮರಿಗಳಿಗೆ ಏನು ಬೇಕು? ಅವಳು ಬೇಕು. ಅವಳಿಗೆ ಏನು ಬೇಕು? ತಾಯಿ. ಹೀಗೆ ಅಮ್ಮ ಸತ್ತ ಹುಡುಗಿ ಅಮ್ಮನಾಗಿ ಗಾಯ ಮಾಯುತ್ತದೆ. ಸ್ಕ್ರಿಪ್ಟ್ ಬರೆಯುವವನಿಗೆ ಇದಕ್ಕಿಂತ ಒಳ್ಳೆ ಸಮೀಕರಣ ಸಿಗದು. ಹಕ್ಕಿಗಳ ಲೆಕ್ಕ ಮಾತ್ರ ಈ ಸಮೀಕರಣದಲ್ಲಿ ಎಲ್ಲೂ ಬರುವುದಿಲ್ಲ. ಮಧ್ಯದಲ್ಲಿ ಒಬ್ಬ ವನ್ಯಜೀವಿ ಅಧಿಕಾರಿ ಬಂದು, ಸಾಕಿದ ಹೆಬ್ಬಾತು ಹಾರಬಾರದು, ರೆಕ್ಕೆ ಕತ್ತರಿಸಬೇಕು ಅನ್ನುತ್ತಾನೆ. ಅವನನ್ನು ವಿಲನ್ ಮಾಡಿ ಬಿಟ್ಟಿದ್ದಾರೆ. ಅವನು ತಂದ ಕತ್ತರಿ ತಪ್ಪು. ಆದರೆ ಮನುಷ್ಯರನ್ನೇ ತಾಯಿ ಅಂದುಕೊಂಡ ಕಾಡುಹಕ್ಕಿ ಮುಂದೆ ಯಾರ ಜೊತೆ ಬಾಳುತ್ತೆ ಅನ್ನುವ ಪ್ರಶ್ನೆ ತಪ್ಪಲ್ಲ. ಸಿನಿಮಾ ಕತ್ತರಿಯನ್ನು ತೋರಿಸಿ ಪ್ರಶ್ನೆಯನ್ನು ನುಂಗಿತು.

ಆ ಪ್ರಶ್ನೆಗೆ ನಮ್ಮ ಹಿತ್ತಲಲ್ಲಿ ಉತ್ತರ ಸಿಕ್ಕಿತ್ತು. ನಾಲ್ಕು ಬಾತುಮರಿಯಲ್ಲಿ ಒಂದನ್ನು ಹದ್ದು ಒಯ್ದಿತು, ಒಂದನ್ನು ನಾಯಿ. ಉಳಿದದ್ದು ಒಂದು ಗಂಡು, ಒಂದು ಹೆಣ್ಣು. ಹೆಣ್ಣೂ ಒಂದು ದಿನ ಹಳ್ಳಕ್ಕೆ ಹೋದದ್ದು ಬರಲಿಲ್ಲ. ಗಂಡು ಬಲಿತಿತು, ಕೊರಳಿಗೆ ಹಸಿರು ಹೊಳಪು ಬಂತು, ಊರಿನ ಮಂದಿ ನೋಡಲು ಬರುತ್ತಿದ್ದರು. ಆಮೇಲೆ ಅದು ಕೋಳಿಗಳ ಹಿಂದೆ ಬಿತ್ತು. ತಮಾಷೆಯಲ್ಲ, ಹ್ಯಾಟಿಗಳ ಕುತ್ತಿಗೆ ಕಚ್ಚಿ ಮೇಲೆ ಹತ್ತುತ್ತಿತ್ತು. ಹುಂಜದ ಜೊತೆ ರಕ್ತ ಬರುವ ಹಾಗೆ ಜಗಳ. ಯಾರನ್ನು ತಾಯಿ ಅಂದುಕೊಂಡು ಬೆಳೆಯಿತೋ ಆ ಜಾತಿಯಲ್ಲೇ ಅದು ಜೊತೆ ಹುಡುಕುತ್ತಿತ್ತು. ಲೊರೆಂಜ್ ಸಾಕಿದ ಕಾಗೆ ಜಾತಿಯ ಜಾಕ್‌ಡಾ ಹಕ್ಕಿ ಪ್ರೀತಿ ಹೆಚ್ಚಾಗಿ ಅವರ ಕಿವಿಗೇ ಹುಳ ತುರುಕುತ್ತಿತ್ತಂತೆ. ಪುಸ್ತಕದಲ್ಲಿ ಓದುವಾಗ ನಗು ಬರುತ್ತದೆ. ನಮ್ಮ ಹಿತ್ತಲಲ್ಲಿ ನಗು ಬರಲಿಲ್ಲ. ಆಯಿ ಅದನ್ನು ಹುನಗುಂದದ ಸಂತೆಗೆ ಕಳಿಸಿದಳು. ಅವ್ವ ಇದನ್ನೆಲ್ಲ ನೋಡಿದವಳು. ‘ಬಂದು ಮರಿ ಮಾಡಿದ್ವೇನು’ ಅಂದದ್ದು ಅದಕ್ಕೆ.

ಸಿನಿಮಾದ ಹಿಂದಿನ ನಿಜ ಕತೆ ಕೆನಡಾದ ಬಿಲ್ ಲಿಶ್‌ಮನ್ ಎಂಬ ಶಿಲ್ಪಿಯದು. 1993ರಲ್ಲಿ ಅವರೂ ಜೋ ಡಫ್ ಅವರೂ ಪುಟ್ಟ ವಿಮಾನಗಳಲ್ಲಿ 18 ಹೆಬ್ಬಾತುಗಳನ್ನು ಒಂಟಾರಿಯೊದಿಂದ ಅಮೆರಿಕದ ವರ್ಜೀನಿಯಾಕ್ಕೆ ಕರೆದೊಯ್ದರು. ಹೆಬ್ಬಾತುಗಳಿಗೆ ವಲಸೆಯ ದಾರಿ ರಕ್ತದಲ್ಲಿ ಬರುವುದಿಲ್ಲ, ಮೊದಲ ವರ್ಷ ಅಪ್ಪ ಅಮ್ಮನ ಜೊತೆ ಹಾರಿ ಕಲಿಯಬೇಕು. ಅದನ್ನು ಯಂತ್ರವೂ ಕಲಿಸಬಹುದು ಅಂತ ಸಾಬೀತಾಯಿತು. ಅವರ ನಿಜವಾದ ಗುರಿ ಬೇರೆ: ವೂಪಿಂಗ್ ಕ್ರೇನ್ ಎಂಬ ಬಿಳಿ ಕೊಕ್ಕರೆ. 1941ರ ಹೊತ್ತಿಗೆ ಅವು ಜಗತ್ತಿನಲ್ಲಿ ಎರಡು ಡಜನ್ ಕೂಡ ಉಳಿದಿರಲಿಲ್ಲ. 2001ರಿಂದ ಪ್ರತಿ ವರ್ಷ ವಿಸ್ಕಾನ್ಸಿನ್ನಿಂದ ಫ್ಲೋರಿಡಾಕ್ಕೆ ಮರಿಗಳನ್ನು ವಿಮಾನದ ಹಿಂದೆ ಒಯ್ದರು. ಮನುಷ್ಯರ ಅಚ್ಚು ಬೀಳಬಾರದು ಅಂತ ಸಾಕುವವರೆಲ್ಲ ತಲೆಯಿಂದ ಕಾಲಿನವರೆಗೆ ಬಿಳಿ ನಿಲುವಂಗಿ ಹಾಕುತ್ತಿದ್ದರು, ಕೈಗೆ ಕೊಕ್ಕರೆ ತಲೆಯ ಗೊಂಬೆ, ಮರಿಗಳ ಎದುರು ಒಂದು ಮಾತೂ ಆಡುವಂತಿರಲಿಲ್ಲ. ಹಕ್ಕಿಗಳು ದಾರಿ ಕಲಿತವು. ಹೋದವು, ಬಂದವು, ಜೋಡಿಯಾದವು, ಮೊಟ್ಟೆಯನ್ನೂ ಇಟ್ಟವು. ಆದರೆ ಮರಿಗಳನ್ನು ಸಾಕಿ ದೊಡ್ಡದು ಮಾಡುವುದರಲ್ಲಿ ಸೋತವು. ನಿಜವಾದ ಕೊಕ್ಕರೆ ಸಾಕಿದ ಅನುಭವ ಅವಕ್ಕೆ ಇರಲಿಲ್ಲ, ಅದೂ ಒಂದು ಕಾರಣವಿರಬೇಕು ಅಂತ ಅಮೆರಿಕದ ವನ್ಯಜೀವಿ ಇಲಾಖೆ ತೀರ್ಮಾನಿಸಿ, 2016ರ ಆರಂಭದಲ್ಲಿ ವಿಮಾನದ ಹಾರಾಟ ನಿಲ್ಲಿಸಿತು.

ಅವ್ವನ ಪ್ರಶ್ನೆಗೆ ಇದೇ ಉತ್ತರ. ದಾರಿ ಕಲಿಸಬಹುದಂತೆ, ತಾಯ್ತನ ಕಲಿಸಲು ಆಗಲಿಲ್ಲವಂತೆ ಅಂತ ಅವಳಿಗೆ ಹೇಳಿದೆ. ಅವಳು ಅವರೆಕಾಳು ಸುಲಿಯುತ್ತಾ, ‘ಹೌದ ಮತ್ತ’ ಅಂದಳು, ಅಷ್ಟೇ.

ನೀರಹಕ್ಕಿಗಳ ಸಂಸಾರ ನೋಡಲು ಕೆನಡಾಕ್ಕೆ ಹೋಗಬೇಕಿಲ್ಲ ಅನ್ನುವುದು ನಾನು ತಡವಾಗಿ ತಿಳಿದದ್ದು. ಗದಗದಿಂದ ಲಕ್ಷ್ಮೇಶ್ವರದ ದಾರಿಯಲ್ಲಿ ಮಾಗಡಿ ಕೆರೆ ಇದೆ. ಚಳಿಗಾಲಕ್ಕೆ ಅಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಾವಿರ ಸಾವಿರ ಇಳಿಯುತ್ತವೆ, ಹಿಮಾಲಯ ದಾಟಿ ಬಂದವು. 2024ರ ಜನವರಿಯಲ್ಲಿ ಆ ಕೆರೆಗೆ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಏರಿಯ ಮೇಲೆ ಒಂದು ಗಂಟೆ ಕೂತರೆ ಸಾಕು, ಆ ಸಾವಿರದ ಗುಂಪು ಬರೀ ಗುಂಪಲ್ಲ ಅಂತ ತಿಳಿಯುತ್ತದೆ. ಗಂಡು, ಹೆಣ್ಣು, ಆ ವರ್ಷದ ಎರಡೋ ಮೂರೋ ಮರಿ. ಮರಿಗಳ ತಲೆಯ ಮೇಲೆ ಪಟ್ಟೆ ಇನ್ನೂ ಸರಿಯಾಗಿ ಮೂಡಿರುವುದಿಲ್ಲ. ಹೀಗೆ ಮನೆ ಮನೆಯೇ ಎದ್ದು ಬಂದಿರುತ್ತದೆ. ಬೇರೆ ಮನೆಯವರು ಹತ್ತಿರ ಬಂದರೆ ಗಂಡು ಕುತ್ತಿಗೆ ಚಾಚಿ ಓಡಿಸುತ್ತದೆ. ಸುತ್ತಲ ಶೇಂಗಾ, ಕಡ್ಲಿ ಹೊಲಕ್ಕೆ ಇಳಿದಾಗ ರೈತರು ಬೈಯುತ್ತಾರೆ, ಅದರಲ್ಲಿ ನ್ಯಾಯವೂ ಇದೆ. ಆದರೂ ಫ್ಯಾಮಿಲಿ ಡ್ರಾಮಾ ಬೇಕಿದ್ದವರು ಇದನ್ನು ನೋಡಬೇಕು.

ನಮ್ಮ ಹಳಗನ್ನಡದ ಕವಿಗಳೂ ಜಕ್ಕವಕ್ಕಿಯನ್ನು ಹೀಗೆಯೇ ತಮ್ಮ ಕೆಲಸಕ್ಕೆ ದುಡಿಸಿಕೊಂಡರು. ಹಗಲಿಡೀ ಜೋಡಿ, ಕತ್ತಲಾದರೆ ಹೊಳೆಯ ಆ ದಂಡೆಗೊಂದು ಈ ದಂಡೆಗೊಂದು, ರಾತ್ರಿಯೆಲ್ಲ ಗೋಳು. ವಿರಹದ ವರ್ಣನೆಗೆ ರೆಡಿಮೇಡ್ ಹಕ್ಕಿ. ಬಿಇ ಓದುವಾಗ ಬಾಗಲಕೋಟೆಯ ಹಿನ್ನೀರಿನಲ್ಲಿ ಕಿತ್ತಳೆ ಬಣ್ಣದ ಆ ಬಾತುಗಳನ್ನು ಎಷ್ಟೋ ಸಲ ನೋಡಿದ್ದೇನೆ, ಅವೇ ಜಕ್ಕವಕ್ಕಿ ಅಂತ ಆಗ ಗೊತ್ತಿರಲಿಲ್ಲ. ಜೋಡಿಯ ಮಾತು ನಿಜ, ಅವು ಎರಡೆರಡೇ ಇರುತ್ತವೆ. ರಾತ್ರಿಯ ಅಗಲಿಕೆ ಮಾತ್ರ ಕವಿಗಳದ್ದು. ಆದರೆ ಅದೇ ಹಿನ್ನೀರಿನ ದಂಡೆಯಲ್ಲಿ ಸಂಜೆ ಹೊತ್ತು ಹಳೇ ಬಾಗಲಕೋಟೆಯ ಮುದುಕರು ಬಂದು ಕೂರುತ್ತಿದ್ದರು. ನವನಗರದಲ್ಲಿ ಸೈಟು ಸಿಕ್ಕಿ ಮನೆ ಕಟ್ಟಿಸಿದವರು. ನೀರಿನ ಕಡೆ ಕೈ ತೋರಿಸಿ, ‘ಅಲ್ಲಿ ನೋಡ ತಮ್ಮಾ, ಅಲ್ಲಿ ನಮ್ಮ ಪಡಸಾಲಿ ಇತ್ತ’ ಅನ್ನುತ್ತಿದ್ದರು. ದಂಡೆ, ಅಗಲಿಕೆ ಅಂತ ಹಕ್ಕಿಯ ತಲೆಗೆ ಕಟ್ಟುವುದು ಮನುಷ್ಯರಿಗೆ ಹಳೇ ಚಾಳಿ.

ಮುಟ್ಟದೆಯೂ ಸಂಬಂಧ ಇಟ್ಟುಕೊಳ್ಳಬಹುದು ಅನ್ನುವುದಕ್ಕೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇದೆ. ಮನೆಗಳ ನಡುವಿನ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರಿನವರು ಅವನ್ನು ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ. ಗೂಡಿನಿಂದ ಬಿದ್ದ ಹೆಜ್ಜಾರ್ಲೆ ಮರಿಗಳನ್ನು ಬೇಲಿಯೊಳಗಿಟ್ಟು ಮೀನು ಹಾಕಿ ಸಾಕಿ ಬಿಡುತ್ತಾರೆ. ಅವು ಬಾತುಮರಿಯ ಹಾಗೆ ಹುಟ್ಟಿದ ದಿನವೇ ಎದ್ದು ಯಾರ ಹಿಂದೆಯೂ ಓಡುವ ಜಾತಿಯಲ್ಲ, ಪುಕ್ಕವಿಲ್ಲದೆ ಹುಟ್ಟಿ ವಾರಗಟ್ಟಲೆ ಗೂಡಿನಲ್ಲೇ ಬೆಳೆಯುವಂಥವು. ಹಾಗಾಗಿ ರೀಲ್ ಆಗುವುದಿಲ್ಲ. ರೀಲ್ ಆದದ್ದು ಉತ್ತರ ಪ್ರದೇಶದ ಅಮೇಠಿಯ ಸಾರಸ್ ಕೊಕ್ಕರೆ. ಗಾಯಗೊಂಡಿದ್ದ ಹಕ್ಕಿಯನ್ನು 2022ರಲ್ಲಿ ಒಬ್ಬ ಯುವಕ ಆರೈಕೆ ಮಾಡಿದ, ಅದು ಅವನ ಬೈಕಿನ ಮೇಲ್ಗಡೆ ಹಾರುತ್ತಾ ಬರತೊಡಗಿತು, ದೇಶವೆಲ್ಲ ನೋಡಿತು. 2023ರ ಮಾರ್ಚಿನಲ್ಲಿ ಅರಣ್ಯ ಇಲಾಖೆ ಅದನ್ನು ಒಯ್ದು ಕೊನೆಗೆ ಕಾನ್ಪುರದ ಮೃಗಾಲಯದಲ್ಲಿ ಇಟ್ಟಿತು. ಅಲ್ಲಿಯೂ ಕಾಮೆಂಟಿನವರು ಇಂಪ್ರಿಂಟಿಂಗ್ ಅಂದರು. ಬೆಳೆದ ಹಕ್ಕಿಗೆ ಅಚ್ಚು ಬೀಳುವುದಿಲ್ಲ. ಅದು ಬೇರೇನೋ, ಬಹುಶಃ ಹೆಚ್ಚು ಬೆಲೆಯುಳ್ಳದ್ದು: ಬೇಕಂತ ಬಂದದ್ದು.

ಸಿನಿಮಾಕ್ಕೆ ಮತ್ತೆ ಬರುತ್ತೇನೆ. ಮಗಳು ಹಟ ಮಾಡಿದ್ದಕ್ಕೆ ಎರಡನೇ ಸಲ ನೋಡಿದೆವು. ಈ ಸಲ ನನಗೆ ಹಿಡಿಸಿದ್ದು ಹಾರಾಟವಲ್ಲ, ಹಾರಾಟಕ್ಕೆ ಮೊದಲಿನ ಒಂದು ಗೊಂದಲ. ಹಕ್ಕಿಗಳು ಅಪ್ಪನ ವಿಮಾನದ ಹಿಂದೆ ಹೋಗುವುದೇ ಇಲ್ಲ. ಅವನು ಏನು ಮಾಡಿದರೂ ಇಲ್ಲ. ಅವಕ್ಕೆ ಬೇಕಾದವಳು ನೆಲದ ಮೇಲಿದ್ದಾಳೆ. ಆ ಅಪ್ಪ ತಲೆ ಕೆರೆದುಕೊಂಡು ಒಬ್ಬನೇ ಹಾರುತ್ತಿರುತ್ತಾನೆ. ಸಿನಿಮಾ ಇದನ್ನು ನಗೆಯಾಗಿ ದಾಟಿಸಿ ಮುಂದೆ ಹೋಗುತ್ತದೆ. ಅಲ್ಲಿ ಹತ್ತು ನಿಮಿಷ ನಿಂತಿದ್ದರೆ ಇದು ದೊಡ್ಡ ಸಿನಿಮಾ ಆಗುತ್ತಿತ್ತು ಅನ್ನುವುದು ನನ್ನ ಅನಿಸಿಕೆ.

ನನಗೆ ಅಲ್ಲಿ ನಿಲ್ಲಬೇಕು ಅನ್ನಿಸಲು ಕಾರಣ ಇದೆ. ಅಪ್ಪ ಹೋಗಿ ಎರಡು ವರ್ಷ. ಅಲ್ಲಿಂದ ನಾನು ಅವ್ವನನ್ನು ಬೆಂಗಳೂರಿಗೆ ಕರೆಯುತ್ತಲೇ ಇದ್ದೇನೆ. ಬರುತ್ತಾಳೆ, ಒಂದು ತಿಂಗಳು ಇರುತ್ತಾಳೆ, ಬಾಲ್ಕನಿಯಲ್ಲಿ ನಿಂತು ಕೆಳಗೆ ನೋಡುತ್ತಾಳೆ, ಹೋಗುತ್ತಾಳೆ. ಇಷ್ಟು ದಿನ ನಾನು ಹಳ್ಳದ ಕತೆಯನ್ನು ನನಗೆ ಬೇಕಾದ ಹಾಗೆ ಓದಿಕೊಂಡಿದ್ದೆ. ನಾನು ಈಜಲು ಹುಟ್ಟಿದ ಬಾತುಮರಿ, ಅವ್ವ ದಂಡೆಯಲ್ಲಿ ನಿಂತು ಕೂಗುವ ಹ್ಯಾಟಿ, ಪಾಪ ಅವಳಿಗೆ ನೀರು ಗೊತ್ತಿಲ್ಲ. ಫ್ರೆಂಡ್ಸ್ ಎದುರು ಹೇಳಿ ಹೊಗಳಿಸಿಕೊಂಡದ್ದೂ ಉಂಟು. ಇದನ್ನು ಈ ಸಲ ಅವ್ವನಿಗೇ ಹೇಳಿದೆ, ಸ್ವಲ್ಪ ಹೆಮ್ಮೆಯಿಂದಲೇ. ಅವಳು ಹೇಳಿದಳು:

‘ನಿನಗ ಅಷ್ಟ ನೆನಪೈತಿ. ಎಂಟ ದಿನಕ್ಕ ಹ್ಯಾಟಿ ಒದರೂದು ಬಿಟ್ಟಿತ್ತು. ಅವು ನೀರಾಗ ಇದ್ರ ತಾ ದಂಡಿ ಮ್ಯಾಲೆ ಕೆದರಿಕೋತ ತನ್ನ ಹೊಟ್ಟಿ ನೋಡಿಕೊಂತಿತ್ತು. ಸಂಜಿಕ ಅವೇ ಬಂದು ರೆಕ್ಕಿ ಬುಡಕ ಹೋಗತಿದ್ವು. ದೊಡ್ಡವಾಗಿ ಹಿಡೀಲಿಲ್ಲಂದ್ರೂ ಹೋಗತಿದ್ವು.’

ನನಗೆ ಆ ಎಂಟು ದಿನದ ಮೇಲಿನದ್ದು ಏನೇನೂ ನೆನಪಿರಲಿಲ್ಲ.

ಸಂಕ್ರಾಂತಿಗೆ ಮೊದಲೇ ಅವ್ವ ಇಳಕಲ್ ಸ್ಲೀಪರ್ ಹತ್ತಿ ಹೋದಳು, ಕಡ್ಲಿ ಕೀಳುವುದಿತ್ತು. ಹೋದ ವಾರ ಫೋನಿನಲ್ಲಿ ಮಗಳ ಜೊತೆ ಮಾತಾಡುತ್ತಿದ್ದಳು. ಕರಿ ಹ್ಯಾಟಿ ಕಾವಿಗೆ ಕೂತಿದೆ, ಒಂಬತ್ತು ತತ್ತಿ ಇಟ್ಟಿದ್ದಾಳೆ, ಬರೀ ಕೋಳಿಯವು. ಮಗಳು ಈ ಸಲವೂ ನಕ್ಕಳು, ಆದರೆ ‘ಎಷ್ಟು ದಿನ ಅಜ್ಜಿ’ ಅಂತಲೂ ಕೇಳಿದಳು. ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ಇಪ್ಪತ್ತೊಂದು ಎಣಿಸಿ ಗುಂಡು ಸುತ್ತಿದ್ದಾಳೆ. ಅದು ಬುಧವಾರ ಬೀಳುತ್ತದೆ, ನಮ್ಮ ರಿಲೀಸ್ ಇರುವ ವಾರ. ಮೂರು ದಿನ ರಜೆ ಹಾಕಿದ್ದೇನೆ, ಮ್ಯಾನೇಜರ್ ಇನ್ನೂ ಅಪ್ರೂವ್ ಮಾಡಿಲ್ಲ.